ಟಪಾಲಮ್ಮನಿಗೆ ದೃಷ್ಟಿಯಾದದ್ದು

ಹಳೆಯ ವಿಮಾನ ನಿಲ್ದಾಣದಲ್ಲಿ ಸಂರಕ್ಷಿಸಲಾಗಿರುವ ಐತಿಹಾಸಿಕ ವಿಮಾನವನ್ನು ವೀಕ್ಷಿಸಲು ಬರುವವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಒಳಗೆ ಪ್ರವೇಶಿಸತಕ್ಕದ್ದು. ಈ ನಿಯಮ ಈಗ ಊರಿನವರಿಗೆಲ್ಲ ಒಗ್ಗಿಹೋಗಿದೆ. ಹೊರಗಿನವರು ಯಾರಾದರೂ ಕೇಳಿ ನಕ್ಕರೆ ಊರಿನವರಿಗೆ ಕೋಪ ಬರುವುದಿಲ್ಲ, ಕನಿಕರ ಬರುತ್ತದೆ. ಐತಿಹಾಸಿಕ ವಿಮಾನವನ್ನು ಕಣ್ಣು ಬಿಟ್ಟುಕೊಂಡು ನೋಡಲು ಅದೇನು ಸಿಟಿ ಬಸ್ಸೇ?

ಈ ನಿಯಮದ ಹುಟ್ಟನ್ನು ಬುಡದಿಂದ ಬಲ್ಲವರು ಇಬ್ಬರು. ಒಬ್ಬ, ಪೇಟೆ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿರುವ ದರ್ಜಿ. ಇನ್ನೊಬ್ಬರು ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ. ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಅಳಿಯ ಅತ್ತೆಯರಿಗೆ ಹೊಂದಾಣಿಕೆ ಇರುವುದು ಲೋಕದಲ್ಲಿ ಅಪರೂಪ. ಇವರಿಬ್ಬರ ನಡುವೆ ಇದ್ದ ಹೊಂದಾಣಿಕೆಯ ಹೆಸರು ವಿಮಾನ.

ಮದುವೆಯ ಮಾತುಕತೆಗೆಂದು ದರ್ಜಿ ಮೊದಲ ಸಲ ಅವರ ಮನೆಗೆ ಬಂದ ದಿನ, ಮಾತು ಅರ್ಧದಲ್ಲಿರುವಾಗ ಆಕಾಶದಲ್ಲಿ ಗುರ್ ಎಂದಿತ್ತು. ಹುಡುಗ ಲೋಟ ಕೆಳಗಿಟ್ಟು ಅಂಗಳಕ್ಕೆ ಓಡಿದ್ದ. ಅಲ್ಲಿ ಹುಡುಗಿಯ ತಾಯಿ ಆಗಲೇ ಕುತ್ತಿಗೆ ಎತ್ತಿ ನಿಂತಿದ್ದರು. ಸಂಬಂಧ ಅಲ್ಲೇ ಕುದುರಿತು. "ನನ್ನನ್ನ ನೋಡೋಕೆ ಬಂದೋರು ವಿಮಾನ ನೋಡ್ಕೊಂಡು ಹೋದ್ರು" ಎಂದು ಅವನ ಹೆಂಡತಿ ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಅವಳ ಮಾತಿನಲ್ಲಿ ಸುಳ್ಳೇನೂ ಇಲ್ಲ.

ಅಂದು ಹಾರಿದ್ದು ಟಪಾಲು ವಿಮಾನ. ಮೊಂಡು ಮೂಗು, ದುಂಡು ಕಿಟಕಿ, ರೆಕ್ಕೆಗೊಂದರಂತೆ ಎರಡು ಪಂಖ. ಜನ ಅದನ್ನು ಟಪಾಲಮ್ಮ ಎಂದು ಕರೆಯುತ್ತಿದ್ದರು. ಶಾಲೆಯ ಮೇಲೆ ಅದು ಹಾದುಹೋಗುವಾಗ ಟೀಚರು ಪಾಠ ನಿಲ್ಲಿಸಿ, "ವ್ಯಾಕರಣ ಎಲ್ಲಿಗೂ ಹಾರಿಹೋಗಲ್ಲ, ಅದು ಹಾರಿಹೋಗತ್ತೆ, ಏಳಿ" ಎಂದು ಮಕ್ಕಳನ್ನು ಬಯಲಿಗೆ ಕರೆದೊಯ್ಯುತ್ತಿದ್ದರು. ಒಂದು ದಿನ ವಿಮಾನ ತುಸು ವಾಲಿ, ರೆಕ್ಕೆ ಕುಣಿಸಿ ಹೋಯಿತು. ಗಾಳಿಗೆ ಹಾಗಾಗಿರಬೇಕು ಎಂದು ಹೆಡ್‌ಮಾಸ್ಟರು ಹೇಳಿದರು. ಅದು ತಮಗೇ ಮಾಡಿದ ಸನ್ನೆ ಎಂದು ಟೀಚರಿಗೆ ಗೊತ್ತಿತ್ತು.

ಆಮೇಲೆ ಟಪಾಲು ಲಾರಿ ಹತ್ತಿತು, ಟಪಾಲಮ್ಮ ನಿಲ್ದಾಣದ ಶೆಡ್ಡು ಸೇರಿತು. ಶೆಡ್ಡಿನ ಬಾಗಿಲು ತುಕ್ಕು ಹಿಡಿದು ಅರ್ಧಕ್ಕೇ ನಿಂತಿದ್ದರಿಂದ ಸಂದಿನಲ್ಲಿ ಮೂಗು ಮಾತ್ರ ಕಾಣುತ್ತಿತ್ತು. ಭಾನುವಾರ ಅತ್ತೆ ಅಳಿಯ ಇಬ್ಬರೂ ಹೋಗಿ ಬೇಲಿಯಾಚೆ ನಿಂತು ಆ ಮೂಗನ್ನು ನೋಡಿ ಬರುತ್ತಿದ್ದರು. ಹೀಗೆ ವರ್ಷಗಳು ಸುಖವಾಗಿ ಕಳೆದವು.

ಅಷ್ಟರಲ್ಲಿ ಅತ್ತೆಯ ಕಣ್ಣು ಮಂಜಾಗತೊಡಗಿತು. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ನರದ ತೊಂದರೆ, ಅಂಚಿನಿಂದ ಒಳಕ್ಕೆ ಕತ್ತಲೆ ಕವಿಯುತ್ತ ಬರುತ್ತದೆ, ಇದಕ್ಕೆ ಔಷಧಿಯಿಲ್ಲ ಎಂದರು. "ನೋಡ್ಬೇಕಾದ್ದು ಏನಾದ್ರೂ ಇದ್ರೆ ಬೇಗ ನೋಡಿಬಿಡಿ ತಾಯಿ." ಮಗಳು ಅಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅಳಿಯನಿಗೆ ಹೇಳಿದರು:

"ಅಳಿಯಂದ್ರೇ, ಮೂಗು ಎಷ್ಟೂಂತ ನೋಡೋದು? ಮೂಗಿನಿಂದ ಬಾಲದ ತನಕ ಒಂದ್ಸಲ ಪೂರ್ತಿ ನೋಡ್ಬೇಕು."

"ನೋಡೋಣ ಅತ್ತೆ" ಎಂದ ದರ್ಜಿ.

ಆಗ ಹುಟ್ಟಿದ್ದು ವಿಮಾನ ಪ್ರಿಯರ ಸಂಘ. ಸದಸ್ಯರು ನಾಲ್ವರು, ಅತ್ತೆ, ಅಳಿಯ, ಪಕ್ಕದಂಗಡಿಯ ಕ್ಷೌರಿಕ, ಮತ್ತು ಕ್ಷೌರಿಕನ ಅಂಗಡಿಯಲ್ಲಿ ಪೇಪರ್ ಓದಲು ಬಂದು ಸಿಕ್ಕಿಬಿದ್ದ ನಿವೃತ್ತ ಕಂಡಕ್ಟರು. ಸಂಘದ ಮೊದಲ ಕೆಲಸ ಸರ್ಕಾರಕ್ಕೆ ಮನವಿ ಸಲ್ಲಿಸುವುದು. ಮನವಿ ಬರೆದವರು ಅತ್ತೆ. ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದ ಆ ಮನವಿಯ ಕೊನೆಯ ಸಾಲು ಹೀಗಿತ್ತು: "ಆದ್ದರಿಂದ ಈ ಐತಿಹಾಸಿಕ ವಿಮಾನವನ್ನು ಸಾರ್ವಜನಿಕರ ದೃಷ್ಟಿಯಿಂದ ಸಂರಕ್ಷಿಸಬೇಕೆಂದು ಕೋರುತ್ತೇವೆ."

ಸರ್ಕಾರ ಮನವಿಯನ್ನು ಒಪ್ಪಿತು. ಇದನ್ನು ನಂಬಲು ಸಂಘಕ್ಕೇ ಸ್ವಲ್ಪ ಕಾಲ ಬೇಕಾಯಿತು. ಆದೇಶ ಹೊರಡಿಸುವವರಿಗೆ ಹೊಸ ವಾಕ್ಯ ಬರೆಯುವ ಬಿಡುವಿರಲಿಲ್ಲವಾದ್ದರಿಂದ ಅತ್ತೆಯ ವಾಕ್ಯವನ್ನೇ ಎತ್ತಿಕೊಂಡು, "ಸದರಿ ವಿಮಾನವನ್ನು ಸಾರ್ವಜನಿಕರ ದೃಷ್ಟಿಯಿಂದ ಸಂರಕ್ಷಿಸತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ" ಎಂದು ಬಾಲ ಬದಲಿಸಿದ್ದರು. ಐತಿಹಾಸಿಕ ವಿಮಾನ ಸಂರಕ್ಷಣಾ ಕಚೇರಿ ಎಂಬ ಫಲಕ ಬಂತು. ಫಲಕದ ಹಿಂದೆಯೇ ಅಧೀಕ್ಷಕರು ಬಂದರು.

ಅಧೀಕ್ಷಕರು ಆದೇಶವನ್ನು ಓದಿದರು, ಮತ್ತೆ ಓದಿದರು, ವೆಲ್ಡಿಂಗ್‌ನವನನ್ನು ಕರೆಸಿ ಶೆಡ್ಡಿನ ಬಾಗಿಲಿನ ಸಂದನ್ನು ತಗಡು ಹಾಕಿ ಮುಚ್ಚಿಸಿದರು.

ಮರುದಿನ ಹೊಸ ಸೀರೆ ಉಟ್ಟು ಬಂದ ಅತ್ತೆಗೂ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದ ಅಳಿಯನಿಗೂ ಈಗ ಮೂಗೂ ಕಾಣಲಿಲ್ಲ. ಇಬ್ಬರೂ ಅಧೀಕ್ಷಕರ ಕೋಣೆಗೆ ಹೋದರು. ಒಂದು ಮೇಜು, ಒಂದು ಕ್ಯಾಲೆಂಡರು, ಇನ್ನೂ ಪ್ಲಾಸ್ಟಿಕ್ ಬಿಚ್ಚದ ಎರಡು ಕುರ್ಚಿ. ಅಧೀಕ್ಷಕರು ಕೆಟ್ಟವರಲ್ಲ. ಎದ್ದು ನಿಂತು ಅತ್ತೆಗೆ ಕುರ್ಚಿ ಎಳೆದುಕೊಟ್ಟರು.

"ಒಳಗೆ ಹೋಗಿ ಒಂದ್ಸಲ ನೋಡ್ಕೊಂಡು ಬರ್ತೀವಿ ಸಾರ್" ಎಂದ ದರ್ಜಿ.

"ಅದೊಂದನ್ನ ಬಿಟ್ಟು ಬೇರೆ ಏನಾದ್ರೂ ಕೇಳಿ. ಆದೇಶ ಸ್ಪಷ್ಟವಾಗಿದೆ. ಮಳೆಯಿಂದ ಸಂರಕ್ಷಿಸು ಅಂದ್ರೆ ಏನರ್ಥ? ಮಳೆ ತಾಗದ ಹಾಗೆ ನೋಡ್ಕೋ ಅಂತ. ಕಳ್ಳರಿಂದ ಸಂರಕ್ಷಿಸು ಅಂದ್ರೆ? ಕಳ್ಳರು ಹತ್ರ ಸುಳೀದ ಹಾಗೆ ನೋಡ್ಕೋ ಅಂತ. ಹಾಗಾದ್ರೆ ಸಾರ್ವಜನಿಕರ ದೃಷ್ಟಿಯಿಂದ ಸಂರಕ್ಷಿಸು ಅಂದ್ರೆ?"

ದರ್ಜಿಗೆ ತಲೆ ಗಿರ್ರೆಂದಿತು. ಅತ್ತೆ ಮುಂದೆ ಬಾಗಿದರು.

"ಸ್ವಾಮಿ, ಆ ವಾಕ್ಯ ಬರೆದವಳು ನಾನು."

"ಹೌದೇ? ಅಭಿನಂದನೆಗಳು. ಇಷ್ಟು ಸ್ಪಷ್ಟವಾದ ವಾಕ್ಯ ನಮ್ಮ ಇಲಾಖೇಲಿ ಯಾರಿಗೂ ಬರೆಯೋಕೆ ಬರಲ್ಲ."

"ಅದು ತೃತೀಯಾ ವಿಭಕ್ತಿ. ಜನರ ಹಿತದ ದೃಷ್ಟಿಯಿಂದ, ಜನ ನೋಡಲಿ ಅಂತ ಬರೆದದ್ದು. ನೀವು ಅದನ್ನ ಪಂಚಮೀ ಮಾಡ್ಕೊಂಡಿದ್ದೀರಿ. ನಂಗೆ ಪಂಚಮೀ ಬೇಕಿದ್ರೆ 'ದೃಷ್ಟಿಯ ದೆಸೆಯಿಂದ' ಅಂತ ಬರೀತಿದ್ದೆ."

ಅಧೀಕ್ಷಕರು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿದರು.

"ಪಂಚಮಿಗೆ ನಮ್ಮ ಕಚೇರಿಗೆ ರಜೆ ಇಲ್ಲ ತಾಯಿ" ಎಂದರು, ಬಹಳ ಮೃದುವಾಗಿ. ಆಮೇಲೆ ಸಮಾಧಾನದ ಮಾತೂ ಆಡಿದರು. "ಯೋಚನೆ ಮಾಡಿ ನೋಡಿ. ಜನರ ದೃಷ್ಟಿ ತಗುಲಿದ್ರೆ ಕಲ್ಲೂ ಸೀಳತ್ತೆ ಅಂತಾರೆ. ಇದು ಬರೀ ಅಲ್ಯೂಮಿನಿಯಂ ತಗಡು."

ಮನೆಗೆ ಬಂದ ಅತ್ತೆ ಅಂದು ಊಟ ಮಾಡಲಿಲ್ಲ. "ಊರ ಮಕ್ಕಳ ವಾಕ್ಯಗಳನ್ನೆಲ್ಲ ತಿದ್ದಿದೆ, ಕೊನೆಗೆ ನನ್ನ ವಾಕ್ಯವೇ ನನ್ನ ಮುಖಕ್ಕೆ ಬಾಗಿಲು ಹಾಕ್ತಲ್ಲ" ಎಂದು ಅಷ್ಟೇ ಅಂದರು. ಹೆಂಡತಿ ದರ್ಜಿಯನ್ನು ಒಳಗೆ ಕರೆದು, "ಏನಾದ್ರೂ ಮಾಡ್ರೀ. ನಿಮ್ಮ ಹುಚ್ಚು ಇವತ್ತಾದ್ರೂ ಒಂದು ಉಪಯೋಗಕ್ಕೆ ಬರಲಿ" ಎಂದಳು.

ಮಾಡುವ ಅವಕಾಶ ತಾನಾಗಿ ಬಂತು. ಅಧೀಕ್ಷಕರಿಗೆ ಮೇಲಿನಿಂದ ಎರಡನೆಯ ಆದೇಶ ಬಂದಿತ್ತು. ಸಂರಕ್ಷಿತ ಐತಿಹಾಸಿಕ ವಸ್ತುವಿನ ಮಹತ್ವವು ವೀಕ್ಷಕರ ಸಂಖ್ಯೆಯಿಂದ ನಿರ್ಧಾರವಾಗುವುದರಿಂದ, ವರ್ಷಾಂತ್ಯದೊಳಗೆ ಊರಿನ ಜನಸಂಖ್ಯೆಗೆ ಕಡಿಮೆಯಿಲ್ಲದಷ್ಟು ವೀಕ್ಷಕರನ್ನು ತೋರಿಸತಕ್ಕದ್ದು. ತಪ್ಪಿದಲ್ಲಿ ಕಚೇರಿಯನ್ನು ಮುಚ್ಚತಕ್ಕದ್ದು. ಯಾರೂ ನೋಡಕೂಡದು, ಎಲ್ಲರೂ ನೋಡಲೇಬೇಕು. ಎರಡರ ಕೆಳಗೂ ಒಂದೇ ಸಹಿ ಇತ್ತು. ಅಧೀಕ್ಷಕರಿಗೆ ಅತ್ತ ದರಿ ಇತ್ತ ಪುಲಿ ಎಂಬಂತಾಯಿತು. ಅವರು ನೇರವಾಗಿ ದರ್ಜಿಯ ಅಂಗಡಿಗೆ ನಡೆದು ಬಂದರು.

"ವಿಮಾನಕ್ಕೊಂದು ಗವಸು ಹೊಲೀಬೇಕು. ಗವಸಿನ ಮೇಲಿಂದ್ಲೇ ಜನ ನೋಡ್ಕೊಂಡು ಹೋಗ್ಲಿ."

ದರ್ಜಿ ಟೇಪು ಕೈಗೆತ್ತಿಕೊಂಡ. "ಆಗ್ಲಿ ಸಾರ್. ಅಳತೆ ತೆಗೀಬೇಕು. ನಮ್ಮ ಅತ್ತೆ ಟೇಪು ಹಿಡ್ಕೊಳ್ತಾರೆ, ಇಬ್ರೂ ನಾಳೆ ಬೆಳಿಗ್ಗೇನೇ ಬರ್ತೀವಿ."

"ಅಳತೆಗೆ ಒಳಗೆ ಬಿಡೋಕಾಗಲ್ಲ. ನೀವೂ ಸಾರ್ವಜನಿಕರೇ ಅಲ್ವಾ. ಅಂದಾಜಿನ ಮೇಲೆ ಹೊಲೀರಿ."

"ಅಳತೆ ಇಲ್ದೆ ಪೈಜಾಮಾನೂ ಹೊಲಿಯೋಕಾಗಲ್ಲ ಸಾರ್. ಇದಕ್ಕೆ ರೆಕ್ಕೆ ಬೇರೆ ಇದೆ."

ಸರಿ, ಅಂದಾಜಿನ ಮೇಲೆಯೇ ಬಟ್ಟೆಯ ಲೆಕ್ಕ ಹಾಕಿ ಹೇಳಿದ. ಅಧೀಕ್ಷಕರು ಬೆವರೊರೆಸಿಕೊಂಡರು. ಅಷ್ಟು ಬಟ್ಟೆ ಊರಿನ ಎಲ್ಲ ಅಂಗಡಿ ಕೂಡಿದರೂ ಇರಲಿಲ್ಲ. ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಕೈ ಅಂದಾಜಿನಲ್ಲೇ ಅಂಗಿಗೆ ಗುಂಡಿ ಹಚ್ಚುತ್ತಿದ್ದ ಅತ್ತೆಗೆ ರೇಗಿತು.

"ಅಷ್ಟು ದೊಡ್ಡ ವಿಮಾನಕ್ಕೆ ಗವಸು ಹೊಲಿಸೋ ಬದಲು, ನೋಡೋರ ಕಣ್ಣಿಗೇ ಬಟ್ಟೆ ಕಟ್ಟಿಬಿಡಿ ಸ್ವಾಮಿ. ಚೂರುಪಾರಿನಲ್ಲಿ ಮುಗಿದುಹೋಗತ್ತೆ."

ಅಧೀಕ್ಷಕರು ನಿಧಾನವಾಗಿ ಎದ್ದು ನಿಂತರು. ಅವರ ಮುಖದಲ್ಲಿ ಅಂಥ ಬೆಳಕನ್ನು ದರ್ಜಿ ಮೊದಲ ಸಲ ನೋಡಿದ.

"ತಾಯಿ, ತಾವು ಸರ್ಕಾರಿ ನೌಕರಿಯಲ್ಲಿದ್ದಿರಾ?"

"ಟೀಚರಾಗಿದ್ದೆ."

"ಅದಕ್ಕೇ!" ಎಂದು ಅವರು ಕೈ ಮುಗಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಗಾದೆಯಲ್ಲಿ ತಪ್ಪಿರಬಹುದು. ಕಚೇರಿಯಲ್ಲಿ ಅದಕ್ಕೆ ಮಿತವ್ಯಯ ಎನ್ನುತ್ತಾರೆ. ಕಣ್ಪಟ್ಟಿ ಹೊಲಿಯುವ ಕೆಲಸ ದರ್ಜಿಗೇ ಸಿಕ್ಕಿತು. ಬೇಡ ಎನ್ನಲು ಬಾಯಿ ತೆರೆದ. ಅಂಗಡಿ ಬಾಡಿಗೆ ನೆನಪಾಗಿ ಬಾಯಿ ಮುಚ್ಚಿದ. ಕಪ್ಪು ಬಟ್ಟೆ, ಎರಡು ಮಡಿಕೆ, ಹಿಂದೆ ಎಲಾಸ್ಟಿಕ್ಕು. ದೊಡ್ಡವರಿಗೊಂದು ಅಳತೆ, ಮಕ್ಕಳಿಗೊಂದು. ಶೆಡ್ಡಿನ ಹೊರಗೆ ಪ್ರಕಟಣೆಯ ಹಲಗೆ ನಿಂತಿತು:

"ವೀಕ್ಷಕರು ಕಣ್ಪಟ್ಟಿ ಧರಿಸಿಯೇ ವಿಮಾನವನ್ನು ಕಣ್ತುಂಬಿಕೊಳ್ಳತಕ್ಕದ್ದು. ಕೈಯಿಂದ ಕಣ್ಣು ಮುಚ್ಚಿಕೊಳ್ಳುವುದನ್ನು ಮಾನ್ಯ ಮಾಡಲಾಗುವುದಿಲ್ಲ. ಕನ್ನಡಕವುಳ್ಳವರು ವಿಮಾನವು ಸ್ಪಷ್ಟವಾಗಿ ಕಾಣುವ ಸಲುವಾಗಿ ಕಣ್ಪಟ್ಟಿಯ ಮೇಲೆ ಕನ್ನಡಕ ಧರಿಸಬಹುದು. ದೃಷ್ಟಿ ಇಲ್ಲದವರಿಗೆ ಕಣ್ಪಟ್ಟಿಯ ಅಗತ್ಯವಿಲ್ಲವಾದರೂ ಸಮಾನತೆಯ ದೃಷ್ಟಿಯಿಂದ ಅವರೂ ಧರಿಸತಕ್ಕದ್ದು. ಛಾಯಾಚಿತ್ರ ತೆಗೆಯಲು ಅಡ್ಡಿಯಿಲ್ಲ. ಕ್ಯಾಮೆರಾಗೆ ಪ್ರತ್ಯೇಕ ಪಟ್ಟಿಯನ್ನು ಕಚೇರಿಯಿಂದಲೇ ಒದಗಿಸಲಾಗುವುದು."

ಹಲಗೆಯ "ಸಮಾನತೆಯ ದೃಷ್ಟಿಯಿಂದ" ಎಂಬಲ್ಲಿ ವಿಭಕ್ತಿ ಸರಿಯಾಗಿದೆ ಎಂದು ಅತ್ತೆ ಒಪ್ಪಿಕೊಂಡರು. ಅಲ್ಲಿ ಮಾತ್ರ ಅಧೀಕ್ಷಕರಿಗೆ ಅರ್ಥವಾಗಿದೆ ಎಂದೂ ಹೇಳಿದರು.

ಮೊದಲ ದಿನ ಜನ ಬರುವುದಿಲ್ಲ ಎಂದು ಸಂಘ ನಂಬಿತ್ತು. ಊರಿಗೆ ಊರೇ ಬಂತು. ಇಷ್ಟು ವರ್ಷ ಬಾಗಿಲು ಅರ್ಧ ತೆರೆದಿದ್ದಾಗ ಅತ್ತ ತಲೆ ಹಾಕದವರು ಈಗ ಸಾಲು ನಿಂತು ಜಗಳವಾಡಿದರು. ಒಬ್ಬೊಬ್ಬರೂ ಮುಂದಿನವರ ಭುಜ ಹಿಡಿದು ಒಳಗೆ ನಡೆದರು. ವಿವರಣೆಗಾರನೆಂದು ನೇಮಕವಾಗಿದ್ದವನಿಗೆ ಗಟ್ಟಿ ಗಂಟಲು. "ಈಗ ತಮ್ಮ ಬಲಗಡೆ ಭವ್ಯವಾದ ರೆಕ್ಕೆ. ದಯವಿಟ್ಟು ಆಶ್ಚರ್ಯಪಡಿ" ಎನ್ನುತ್ತಿದ್ದ. "ಆಹಾ" ಎನ್ನುತ್ತಿದ್ದರು ಜನ. "ಹಿಂದಿನವರಿಗೂ ಅವಕಾಶ ಕೊಡಿ, ಆಶ್ಚರ್ಯಪಟ್ಟವರು ಮುಂದೆ ನಡೀರಿ."

ದರ್ಜಿಯೂ ತಾನೇ ಹೊಲಿದ ಪಟ್ಟಿ ಕಟ್ಟಿಕೊಂಡು ಒಳಗೆ ಹೋದ. ಕೈ ಚಾಚಿದಾಗ ಬೆರಳಿಗೆ ರಿವೆಟ್ಟುಗಳ ಸಾಲು ಸಿಕ್ಕಿತು, ತಣ್ಣಗೆ, ಒಂದರ ಪಕ್ಕ ಒಂದು. ಹೊಲಿಗೆಯ ಸಾಲನ್ನು ಸವರಿದ ಹಾಗೆ ಸವರಿದ. ಕಾಣದಿದ್ದರೂ ಖುಷಿಯಾಯಿತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು.

ಅತ್ತೆ ಗೇಟಿನ ಹೊರಗೇ ನಿಂತಿದ್ದರು. ಬರುವುದಿಲ್ಲ ಎಂದುಬಿಟ್ಟಿದ್ದರು.

"ಕತ್ತಲೆ ಹ್ಯಾಗೂ ತಾನಾಗೇ ಬರ್ತಾ ಇದೆ. ಅದಕ್ಕೆ ಟಿಕೆಟ್ ಯಾಕೆ ತಗೋಬೇಕು?"

ದಿನ ಕಳೆದ ಹಾಗೆ ಕಚೇರಿ ಬೆಳೆಯಿತು. ಕಣ್ಪಟ್ಟಿ ಬಿಗಿಯಾಗಿದೆಯೇ ಎಂದು ನೋಡುವ ಪರೀಕ್ಷಕರು ಬಂದರು. ಪರೀಕ್ಷಕರು ನೋಡಿದರೇ ಎಂದು ನೋಡುವ ಮೇಲ್ವಿಚಾರಕರು ಬಂದರು. ಎಷ್ಟು ಜನ ಎಷ್ಟು ಆಶ್ಚರ್ಯಪಟ್ಟರು ಎಂದು ಅಂಕಿಅಂಶ ತೆಗೆಯುವ ವಿಭಾಗ ತೆರೆಯಿತು. ಪಟ್ಟಿ ಒಗೆಯುವುದಕ್ಕೊಬ್ಬ ಮಡಿವಾಳ ಬಂದ. ಸಂಜೆಯಾದರೆ ಮಡಿವಾಳ ಒಬ್ಬನೇ ದಣಿದಿರುತ್ತಿದ್ದ. ಬೀದಿಯ ಫೋಟೋ ಸ್ಟುಡಿಯೋದವನು ಪಟ್ಟಿ ಕಟ್ಟಿದ ಕ್ಯಾಮೆರಾದಲ್ಲಿ ತೆಗೆದ ಕಪ್ಪು ಫೋಟೋಗಳಿಗೆ ಕಟ್ಟು ಹಾಕಿಕೊಟ್ಟ. "ಇದು ನಾನು, ಇದು ನಮ್ಮವರು, ಹಿಂದೆ ವಿಮಾನ" ಎಂದು ಮನೆಗೆ ಬಂದವರಿಗೆ ಜನ ಬೆರಳಿಟ್ಟು ತೋರಿಸಿದರು. ಫೋಟೋದಲ್ಲಿ ತಾನು ದಪ್ಪ ಕಾಣುತ್ತೇನೆ ಎಂದು ಕಂಡಕ್ಟರ ಹೆಂಡತಿ ಇನ್ನೊಂದು ತೆಗೆಸಿದಳು.

ಇತ್ತ ಅತ್ತೆಯ ಕಣ್ಣಿನ ಕತ್ತಲೆ ಒಳಕ್ಕೆ ಒತ್ತುತ್ತಿತ್ತು. ತಟ್ಟೆಯ ನಡುವಿನ ಅನ್ನ ಕಾಣುತ್ತಿತ್ತು, ಅಂಚಿನ ಪಲ್ಯ ಕಾಣುತ್ತಿರಲಿಲ್ಲ. ಒಂದು ದಿನ ಅವರು ಕೆಂಪು ಅಂಗಿಗೆ ನೀಲಿ ಗುಂಡಿ ಹಚ್ಚಿದರು. ದರ್ಜಿ ಗುಂಡಿ ಬಿಚ್ಚಿದ. ಬಿಚ್ಚುತ್ತ ಬಿಚ್ಚುತ್ತ ಒಂದು ನಿರ್ಧಾರಕ್ಕೆ ಬಂದ. ಪೆಟ್ಟಿಗೆಯ ತಳದಲ್ಲಿ ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಂಥ ತೆಳು ಕಪ್ಪು ಬಟ್ಟೆಯಿತ್ತು. ಅದರಲ್ಲಿ ಒಂದೇ ಮಡಿಕೆಯ ಕಣ್ಪಟ್ಟಿ ಹೊಲಿದ. ಹೊರಗಿನಿಂದ ನೋಡಿದರೆ ಯಾವ ಪರೀಕ್ಷಕನಿಗೂ ಗೊತ್ತಾಗುವಂತಿರಲಿಲ್ಲ. ಜೀವನದಲ್ಲಿ ಮೊದಲ ಸಲ ಬಟ್ಟೆಯಲ್ಲಿ ಮೋಸ ಮಾಡಿದ್ದ, ಅದೂ ಸರ್ಕಾರಕ್ಕೆ.

"ಇದು ಕಟ್ಕೊಳ್ಳಿ ಅತ್ತೆ."

ಅತ್ತೆ ಕಟ್ಟಿಕೊಂಡು ಅಂಗಡಿಯ ಸುತ್ತ ತಲೆ ತಿರುಗಿಸಿದರು. ಎದುರಿಗೆ ಮಿಷನ್ನು, ಅದರಾಚೆ ಬೀದಿ, ಬೀದಿಯಲ್ಲಿ ಸೈಕಲ್ಲು. ಅವರ ತುಟಿ ಅರಳಿತು. "ಕಾಪಿ ಹೊಡಿಯೋ ಮಕ್ಕಳನ್ನ ಎಷ್ಟು ಹಿಡಿದಿದ್ದೀನಿ ನಾನು. ಈಗ ನಾನೇ."

ಪರೀಕ್ಷಕ ಎಲಾಸ್ಟಿಕ್ಕು ಎಳೆದು ನೋಡಿ ಒಳಗೆ ಬಿಟ್ಟ. ದರ್ಜಿ ದಪ್ಪ ಪಟ್ಟಿ ಕಟ್ಟಿಕೊಂಡು ಅತ್ತೆಯ ಕೈ ಹಿಡಿದ. ನಿಯಮವನ್ನು ಮುರಿಯುವುದಾದರೂ ಮನೆಗೊಬ್ಬರು ಸಾಕು ಎಂದು ಅವನ ಲೆಕ್ಕ. ವಿವರಣೆಗಾರನ ದನಿ ಮುಂದೆ ಮುಂದೆ ಸಾಗಿತು. "ಇದು ವಿಮಾನದ ಬಾಗಿಲು. ಸವರಿ ನೋಡಿ. ಇದು ಪಂಖ. ಗಾಳಿ ಅನುಭವಿಸಿ." ನಿಜಕ್ಕೂ ಗಾಳಿ ಬಂತು. ಜನ ಆಹಾ ಎಂದರು. ದರ್ಜಿಯ ಕೈಗೆ ನುಣ್ಣನೆಯ ತಣ್ಣನೆಯ ಕಬ್ಬಿಣ ಸಿಕ್ಕಿತು. ಅತ್ತೆಯ ಕೈ ಅವನ ಕೈಯೊಳಗೆ ನಡುಗತೊಡಗಿತು. ಆಮೇಲೆ ಅವರ ಮೈಯೆಲ್ಲ ನಡುಗಿತು. ಪಾಪ, ಅಳುತ್ತಿದ್ದಾರೆ ಎಂದುಕೊಂಡ. ಅವನ ಕಣ್ಣೂ ತುಂಬಿ ಪಟ್ಟಿ ಒದ್ದೆಯಾಯಿತು. ಎಷ್ಟು ವರ್ಷದ ಆಸೆ ಇಂದು ಕೈಗೂಡಿತು ಎಂದು ಅವನಿಗೆ ತೃಪ್ತಿಯಾಯಿತು.

ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕೂತಾಗ ಅತ್ತೆ ಪಟ್ಟಿ ಬಿಚ್ಚಿದರು. ಅತ್ತಿರಲಿಲ್ಲ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದಿತ್ತು.

"ಅಳಿಯಂದ್ರೇ, ವಿಮಾನಕ್ಕೆ ಎಷ್ಟು ಬೀರು ಇರ್ತವೆ?"

"ಬೀರು?"

"ನೀವು ಬಾಗಿಲು ಅಂತ ಸವರಿದ್ರಲ್ಲ, ಅದು ಕಡತ ಇಡೋ ಬೀರು. ಮೇಲೆ ನಂಬರ್ ಬರೆದಿದೆ. ಪಂಖ ಅಂದಿದ್ದು ಟೇಬಲ್ ಫ್ಯಾನು. ಶೆಡ್ಡಿನ ತುಂಬ ಮೇಜು, ಒಂದೊಂದರ ಹಿಂದೆ ಒಬ್ಬೊಬ್ಬ ಗುಮಾಸ್ತ. ಜನ ಬಂದು ಮೈ ಸವರಿದ್ರೆ ಮೊಣಕೈ ಎತ್ತಿ ಜಾಗ ಕೊಡ್ತಾರೆ. ಕಂಡಕ್ಟರು ಒಬ್ಬ ಗುಮಾಸ್ತನ ತಲೆ ಸವರಿ 'ಎಂಥಾ ಮೂಗು' ಅಂದ್ರು. ಅವನಿಗೆ ಬೋಳು ತಲೆ. ಪಾಪ, ಅಲ್ಲಾಡದೆ ಕೂತಿದ್ದ."

"ಟಪಾಲಮ್ಮ?"

ಅತ್ತೆಯ ನಗು ನಿಂತಿತು. "ಇಲ್ಲ" ಎಂದರು.

ದರ್ಜಿ ಧಡಕ್ಕನೆ ಎದ್ದು ಅಧೀಕ್ಷಕರ ಕೋಣೆಗೆ ನುಗ್ಗಿದ. ಅಲ್ಲಿ ಈಗ ಅಧೀಕ್ಷಕರಿಗೊಬ್ಬ ಸಹಾಯಕ, ಸಹಾಯಕನಿಗೊಬ್ಬ ಸಹಾಯಕ ಕೂತಿದ್ದರು.

"ಸಾರ್, ಶೆಡ್ಡಿನಲ್ಲಿ ವಿಮಾನ ಇಲ್ಲ!"

"ಹೌದೇ? ನೀವು ನೋಡಿದ್ರಾ?"

ದರ್ಜಿ ತಡವರಿಸಿದ. ನೋಡಿದೆ ಎಂದರೆ ನಿಯಮ ಮುರಿದಂತೆ. ತೆಳು ಪಟ್ಟಿ ಹೊಲಿದವನು ಅವನೇ. ಅತ್ತೆಯ ಹೆಸರೂ ಹೊರಗೆ ಬರುತ್ತದೆ.

"ನೋಡಿಲ್ಲ" ಎಂದ.

"ನೋಡದೆ ಇಲ್ಲ ಅಂತ ಹ್ಯಾಗೆ ಹೇಳ್ತೀರಿ? ನೋಡದೆ ಇದೆ ಅಂತ ಇಷ್ಟು ಸಾವಿರ ಜನ ಹೇಳಿದ್ದಾರೆ. ಬರೆದು ಸಹಿ ಹಾಕಿದ್ದಾರೆ." ಅಧೀಕ್ಷಕರು ನೀರಿನ ಲೋಟ ಮುಂದೆ ತಳ್ಳಿದರು. "ನಿಮ್ಮಂಥ ಅಭಿಮಾನಿಗಳೇ ಹೀಗಂದ್ರೆ ಹ್ಯಾಗೆ? ವಿಮಾನವನ್ನ ಕಾಪಾಡೋಕೆ ಎಷ್ಟು ಜನ ಬೇಕು ಗೊತ್ತಾ? ಅಷ್ಟು ಜನ ಕೂರೋಕೆ ಎಷ್ಟು ಜಾಗ ಬೇಕು ಗೊತ್ತಾ?"

ದರ್ಜಿ ನೀರು ಕುಡಿದು ಹೊರಗೆ ಬಂದ. ಟಪಾಲಮ್ಮ ಗುಜರಿ ಸೇರಿ ಪಾತ್ರೆಯಾಗಿರಬೇಕು, ಅದರಲ್ಲಿ ಯಾರ ಮನೆಯಲ್ಲೋ ಹಾಲು ಉಕ್ಕುತ್ತಿರಬೇಕು ಎನಿಸಿ ಅವನಿಗೆ ಅಳು ಬಂತು. ಬೆಂಚಿನ ಮೇಲೆ ಅತ್ತೆ ಇರಲಿಲ್ಲ. ಮುಖ ತೊಳೆಯಲು ನಲ್ಲಿ ಹುಡುಕಿಕೊಂಡು ಶೆಡ್ಡಿನ ಹಿಂದಕ್ಕೆ ಹೋಗಿದ್ದರು. ಅಲ್ಲಿಂದ ಅವರ ದನಿ ಕೇಳಿತು. ಶಾಲೆಯ ದನಿ, ಮಕ್ಕಳನ್ನು ಬಯಲಿಗೆ ಕರೆಯುತ್ತಿದ್ದ ದನಿ.

"ಏಳಿ, ಬನ್ನಿ, ಬೇಗ ಬನ್ನಿ!"

ದರ್ಜಿ ಓಡಿದ.

ಶೆಡ್ಡಿನ ಹಿಂದೆ, ನಲ್ಲಿಯ ಪಕ್ಕ, ಹುಲ್ಲು ಬೆಳೆದ ಬಯಲಿನಲ್ಲಿ, ಹಾಡುಹಗಲಿನ ಬಿಸಿಲಿನಲ್ಲಿ ಟಪಾಲಮ್ಮ ನಿಂತಿತ್ತು. ಮೊಂಡು ಮೂಗು, ದುಂಡು ಕಿಟಕಿ, ಎರಡು ಪಂಖ, ಎತ್ತಿದ ಬಾಲ, ಎಲ್ಲ ಇದ್ದ ಹಾಗೇ. ರೆಕ್ಕೆಯ ಈ ತುದಿಯಿಂದ ಆ ತುದಿಯವರೆಗೆ ಹಗ್ಗ ಬಿಗಿದು ಒಗೆದ ಕಣ್ಪಟ್ಟಿಗಳನ್ನು ಸಾಲಾಗಿ ಒಣಹಾಕಿದ್ದರು. ಅವೆಲ್ಲ ದರ್ಜಿಯ ಕೈಯ ಹೊಲಿಗೆ.

ಬಕೆಟ್ಟು ಹಿಡಿದು ಬಂದ ಮಡಿವಾಳನನ್ನು ದರ್ಜಿ ಕೇಳಿದ: "ಏನಪ್ಪಾ ಇದು?"

"ಇದಾ? ಬಟ್ಟೆ ಒಣಹಾಕೋದು. ಒಳಗೆ ಜಾಗ ಸಾಲ್ದು ಅಂತ ತಳ್ಳಿಸಿದ್ರು. ಚೆನ್ನಾಗಿದೆ, ಗಾಳಿ ಆಡತ್ತೆ."

"ಇದೇ ವಿಮಾನ ಅಲ್ವೇನಪ್ಪಾ!"

ಮಡಿವಾಳ ಅವನನ್ನು ಮೇಲಿಂದ ಕೆಳಗೆ ನೋಡಿದ. "ವಿಮಾನ ಒಳಗಿದೆ ಅಣ್ಣ. ಟಿಕೆಟ್ ತಗೊಂಡು ನೋಡಿ. ನಾನೂ ಮನೆಯವರನ್ನೆಲ್ಲ ಕರ್ಕೊಂಡು ಬಂದು ನೋಡಿದ್ದೀನಿ" ಎಂದು, ಒಣಗಿದ ಪಟ್ಟಿಗಳನ್ನು ಕೊಡವಿ ಮಡಚಿಕೊಂಡು ಹೋದ.

ಅತ್ತೆಗೆ ಇದು ಯಾವುದೂ ಕೇಳಿಸಲಿಲ್ಲ. ಅವರು ಮೂಗಿನಿಂದ ಶುರು ಮಾಡಿದ್ದರು. ಕಣ್ಣಿನ ನಡುವೆ ಉಳಿದಿದ್ದ ಬೆಳಕಿನಲ್ಲಿ ಒಂದೊಂದೇ ತುಂಡು ನೋಡುತ್ತ, ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತ, ತಪ್ಪು ಹುಡುಕುವವರ ಹಾಗೆ ಅಕ್ಷರ ಬಿಡದೆ ಓದುತ್ತ ನಡೆದರು. ಬಾಲದ ತನಕ ಹೋಗಿ, ಆಚೆ ಬದಿಯಿಂದ ಮತ್ತೆ ಮೂಗಿಗೆ ಬಂದರು. ಯಾರೂ ತಡೆಯಲಿಲ್ಲ. ಇಪ್ಪತ್ತು ಹೆಜ್ಜೆ ಆಚೆ ಹೊಸ ಸಾಲು ನಿಂತಿತ್ತು. ಸಾಲಿನವರಿಗೆ ಇತ್ತ ತಿರುಗಿದರೆ ಸಾಕು, ವಿಮಾನ ಕಾಣುತ್ತಿತ್ತು. ಅವರೆಲ್ಲ ಪಟ್ಟಿ ಸರಿಮಾಡಿಕೊಳ್ಳುವುದರಲ್ಲಿದ್ದರು.

"ಗಾಳಿಗೆ ಆಗಿದ್ದಲ್ಲ" ಎಂದರು ಅತ್ತೆ, ರೆಕ್ಕೆಯ ನೆರಳಿನಲ್ಲಿ ಕೂತು. "ಅವತ್ತು ನನಗೇ ಕುಣಿಸಿದ್ದು."

"ನಿಮಗೇ ಅತ್ತೆ" ಎಂದ ದರ್ಜಿ. ಅವನಿಗೆ ಇಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಆ ವರ್ಷ ಅತ್ಯುತ್ತಮ ಸಂರಕ್ಷಣೆಗಾಗಿ ಕೊಡುವ ಪ್ರಶಸ್ತಿ ಊರಿನ ಕಚೇರಿಗೇ ಬಂತು. ಪರಿಶೀಲನಾ ಸಮಿತಿಯವರು ನಿಯಮದ ಪ್ರಕಾರ ಪಟ್ಟಿ ಕಟ್ಟಿಕೊಂಡು ಶೆಡ್ಡಿನೊಳಗೆ ಸುತ್ತಾಡಿ, "ಇಂಥ ಸಂರಕ್ಷಣೆಯನ್ನು ನಾವು ಎಲ್ಲಿಯೂ ನೋಡಿಲ್ಲ" ಎಂದು ಬರೆದರು. ಸನ್ಮಾನ ಸಮಾರಂಭ ನಿಲ್ದಾಣದ ಬಯಲಿನಲ್ಲೇ ನಡೆಯಿತು. ವಿಮಾನ ಪ್ರಿಯರ ಸಂಘಕ್ಕೆ ಮುಂದಿನ ಸಾಲಿನಲ್ಲಿ ಕುರ್ಚಿ. ಭಾನುವಾರ ಭಾನುವಾರ ಅತ್ತೆ ಅಳಿಯ ನಲ್ಲಿಯ ಕಡೆಗೆ ಹೋಗಿಬರುವುದನ್ನು ಕಚೇರಿಯವರೆಲ್ಲ ಕಂಡಿದ್ದರು. ನೀರು ಚೆನ್ನಾಗಿದೆ, ಅದಕ್ಕೇ ಹೋಗುತ್ತಾರೆ ಎಂದುಕೊಂಡಿದ್ದರು.

ವೇದಿಕೆಯ ಮೇಲೆ ಅಧೀಕ್ಷಕರಿಗೆ ಶಾಲು ಹೊದಿಸಿದರು. ಅದೂ ದರ್ಜಿಯ ಅಂಗಡಿಯಲ್ಲೇ ಅಂಚು ಹೊಲಿಸಿದ್ದು. ಅಧೀಕ್ಷಕರು ಮಾತನಾಡುತ್ತ, ಈ ಯಶಸ್ಸಿಗೆ ಒಬ್ಬ ನಿವೃತ್ತ ಶಿಕ್ಷಕಿಯ ಒಂದು ವಾಕ್ಯವೇ ಕಾರಣ ಎಂದು ಮನಸಾರೆ ಸ್ಮರಿಸಿದರು. ಜನ ಅತ್ತೆಯ ಕಡೆ ತಿರುಗಿ ನೋಡಿದರು. ದರ್ಜಿಗೆ ತಡೆಯಲಾಗಲಿಲ್ಲ. ಇಷ್ಟು ಜನ ಸೇರಿದ್ದಾರೆ, ಒಮ್ಮೆ ಎದ್ದು, ಕೈ ಎತ್ತಿ, ಶೆಡ್ಡಿನ ಹಿಂದಕ್ಕೆ ಬೆರಳು ತೋರಿಸಿದರೆ ಸಾಕು. ಎದೆ ಉಬ್ಬಿಸಿ ಕುರ್ಚಿಯಿಂದ ಅರ್ಧ ಎದ್ದ.

ಅತ್ತೆಗೆ ಅಷ್ಟು ಹೊತ್ತಿಗೆ ವೇದಿಕೆಯೂ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಅಳಿಯನ ಅಂಗಿಯ ತುದಿ ಅವರ ಕೈಗೆ ಸರಿಯಾಗಿ ಸಿಕ್ಕಿತು. ಹಿಡಿದು ಕೆಳಕ್ಕೆ ಎಳೆದರು.

"ಸುಮ್ನೆ ಕೂತ್ಕೊಳ್ಳಿ ಅಳಿಯಂದ್ರೇ" ಎಂದು ಕಿವಿಯಲ್ಲಿ ಪಿಸುಗುಟ್ಟಿದರು. "ಗೊತ್ತಾದ್ರೆ ಅದನ್ನೂ ಸಂರಕ್ಷಿಸಿಬಿಡ್ತಾರೆ."

ದರ್ಜಿ ಕೂತ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅವನೂ ತಟ್ಟಿದ.